ಅಪ್‌ಡೇಟ್: ಪೈಥಾನ್‌ನಲ್ಲಿ ಕನ್ನಡ ಅಕ್ಷರಗಳ ಎಣಿಕೆ ಸರಿಯಾಯ್ತು

ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಳಸಿ, ಒಂದು ಕನ್ನಡ ಫೈಲಿನಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸಲು ಹೋದರೆ ಅದರ ಎಣಿಕೆ ಸಲಕರಣೆ ಕೌಂಟರ್ ಒತ್ತು, ಕೊಂಬುಗಳನ್ನೆಲ್ಲ ಬೇರೆ ಬೇರೆ ಎಣಿಸುತ್ತಿದೆ ಎಂದು ಹೋದ ವಾರ ಕೇಳಿದ್ದೆ. ಈಗ ಸರಿಹೋಗಿದೆ.

ಅಕ್ಷರಗಳ ಲಿಸ್ಟ್ ಮಾಡಿ, ಲೂಪಿನಲ್ಲಿ ಅಂದರೆ ಒಂದೊಂದು ಅಕ್ಷರಕ್ಕೂ ಮತ್ತೆ ಮತ್ತೆ ಕೌಂಟ್ ಕರೆಯುವ ಸಲಹೆ ಕೆಲಸಕ್ಕೆ ಬರಲಿಲ್ಲ. ಉತ್ತರ ಅದೇ, ಜೊತೆಗೆ ವಿಪರೀತ ನಿಧಾನ. ಪ್ರತಿ ಸಲವೂ ಇಡೀ ಲಿಸ್ಟನ್ನು ಓದುತ್ತದಲ್ವಾ!

ರೆಜೆಕ್ಸ್ ಮಾಡ್ಯೂಲ್ (ಪಠ್ಯದಲ್ಲಿ ಮಾದರಿ ಹುಡುಕುವ ಸಲಕರಣೆ) ಹಾಕಿ, ಬ್ಯಾಕ್‌ಸ್ಲ್ಯಾಶ್ ಮತ್ತು ದೊಡ್ಡ ಎಕ್ಸ್ (\X, ಅಕ್ಷರವನ್ನು ಅದರ ಚಿಹ್ನೆಗಳ ಜೊತೆಗೇ ಒಂದು ತುಂಡಾಗಿ ಹಿಡಿಯುವ ಗುರುತು) ಬಳಸಿ ಅಂದವರ ಸಲಹೆ ಮುಕ್ಕಾಲು ಪಾಲು ಗೆದ್ದಿತು. ಪೈಥಾನ್ ಜೊತೆ ಬರುವ 'ರಿ' ಮಾಡ್ಯೂಲಿನಲ್ಲಿ ಇದು ಇಲ್ಲ, ಬೇರೆ ಇನ್‌ಸ್ಟಾಲ್ ಮಾಡಬೇಕು. 'ಕನ್ನಡ' ಪದಕ್ಕೆ ಪೈಥಾನ್ ಸುಮ್ನೆ ಎಣಿಸಿದರೆ 5 ಅನ್ನುತ್ತದೆ (ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ). ಇದರಲ್ಲಿ 4 ಬಂತು. ನಮಗೆ ಬೇಕಿದ್ದದ್ದು 3. 'ನ್' ಒಂದು ಕಡೆ, 'ನ' ಇನ್ನೊಂದು ಕಡೆ. ಹಾಗಾಗಿ ಒಂದು ತುಂಡು ಅರ್ಧಾಕ್ಷರದ ಚಿಹ್ನೆಯಲ್ಲಿ ಮುಗಿದು, ಮುಂದೆ ಕನ್ನಡ ವ್ಯಂಜನ ಇದ್ದರೆ ಎರಡನ್ನೂ ಸೇರಿಸಿಬಿಟ್ಟೆ. ವ್ಯಂಜನವೇ ಎಂದು ನೋಡದಿದ್ದರೆ 'ಬಸ್ ಬಂತು' ಎಂಬಲ್ಲಿ ನಡುವಿನ ಜಾಗವೂ ಅಂಟಿಕೊಳ್ಳುತ್ತದೆ, ಜೋಕೆ.

ಇನ್ನೊಂದು ವಿಚಿತ್ರ. ಪಟ್ಟಿಯಲ್ಲಿ 'ಕೊ' ಎರಡು ಸಲ ಬಂತು, ನೋಡಲು ತದ್ರೂಪ! ಅಕ್ಷರಗಳಿಗೆ ಕೋಡ್ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಆ ಸ್ವರಚಿಹ್ನೆಯನ್ನು ಒಂದೇ ಕೋಡ್ ಆಗಿಯೂ ಬರೆಯಬಹುದು, ಎರಡು ಕೋಡ್ ಸೇರಿಸಿಯೂ ಬರೆಯಬಹುದು. ಎಣಿಸುವ ಮೊದಲು ಯೂನಿಕೋಡ್‌ಡೇಟಾದ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ಬಿಡಿ ಕೋಡ್ ಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವ ಆಯ್ಕೆ) ಕೊಟ್ಟ ಮೇಲೆ ಎರಡೂ ಒಂದಾದವು. ಇದನ್ನು ಯಾರೂ ಹೇಳಿರಲಿಲ್ಲ, ಅದಕ್ಕೇ ಇಲ್ಲಿ ಬರೆದಿಟ್ಟೆ.