ಟೆಕ್ಸಸ್‌ನಲ್ಲಿ ಪಿಸ್ತೂಲು ಕ್ಯಾರಿ: ಹೋಲ್‌ಸ್ಟರ್ ಯಾವುದು ತಗೊಳ್ಳಲಿ?

ಪ್ಲೇನೋ_ಕನ್ನಡಿಗ:
ಗ್ರೀನ್ ಕಾರ್ಡ್ ಬಂದ ಮೇಲೆ ಗ್ಲಾಕ್ 43ಎಕ್ಸ್ ಪಿಸ್ತೂಲು ತಗೊಂಡೆ. ರೇಂಜ್‌ನಲ್ಲಿ ಹೊಡೆದು ರೂಢಿಯಿದೆ, ಅಂಗಿ ಒಳಗಿಟ್ಟುಕೊಂಡು ಓಡಾಡುವುದು ಮಾತ್ರ ಹೊಸದು. ಆನ್‌ಲೈನ್‌ನಲ್ಲಿ 20 ಡಾಲರಿಗೆ ಬಟ್ಟೆಯ ಹೋಲ್‌ಸ್ಟರ್ (ಪಿಸ್ತೂಲು ಇಡುವ ಚೀಲ) ಇದೆ, ಎಲ್ಲಾ ಪಿಸ್ತೂಲಿಗೂ ಆಗುತ್ತೆ ಅಂತಾರೆ. ಸಾಕಾ? ಚೇಂಬರ್‌ನಲ್ಲಿ (ನಳಿಕೆಯ ಹಿಂತುದಿ) ಹಾರಿಸಲು ಸಿದ್ಧವಾಗಿ ಗುಂಡಿಟ್ಟು ಹೊಟ್ಟೆ ಮುಂದೆ ಸಿಕ್ಕಿಸಿಕೊಳ್ಳೋಕೆ ಭಯ. ಮನೆಯಲ್ಲಿ ಚಿಕ್ಕ ಮಗಳೂ ಇದ್ದಾಳೆ.

ರೇಂಜ್‌ರಾಯ:
ಬಟ್ಟೆಯದು ಬೇಡವೇ ಬೇಡ. ಗ್ಲಾಕ್‌ಗೆ ಹೆಬ್ಬೆರಳಿನಲ್ಲಿ ಒತ್ತುವ ಸೇಫ್ಟಿ ಇಲ್ಲ. ಕೆಳಗೆ ಬಿದ್ದರೆ ಗುಂಡು ಹಾರದ ಹಾಗೆ ಒಳಗೆ ವ್ಯವಸ್ಥೆಯಿದೆ, ಆದರೆ ಟ್ರಿಗರ್ ಒತ್ತಿದ್ದು ಬೆರಳೋ ಅಂಗಿಯ ತುದಿಯೋ ಅದಕ್ಕೆ ಗೊತ್ತಾಗುವುದಿಲ್ಲ. ಮೆತ್ತನೆಯ ಬಟ್ಟೆಯಾದರೆ ಹೊರಗಿನಿಂದಲೇ ಟ್ರಿಗರ್ ಒತ್ತಬಹುದು, ಪಿಸ್ತೂಲು ತೆಗೆದ ಮೇಲೆ ಅದರ ಬಾಯಿಯೂ ಮುಚ್ಚಿಕೊಂಡುಬಿಡುತ್ತೆ. ಹಳೇ ಚರ್ಮದ್ದೂ ಸವೆದು ಒಳಕ್ಕೆ ಮಡಚಿಕೊಳ್ಳುತ್ತೆ. 43ಎಕ್ಸ್ ಅಳತೆಗೇ ಮಾಡಿದ ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಹೋಲ್‌ಸ್ಟರ್ ತಗೊಳ್ಳಿ, ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ಪೂರ್ತಿ ಮುಚ್ಚಬೇಕು. ಗುಂಡೆಲ್ಲ ತೆಗೆದು, ಚೇಂಬರ್ ಖಾಲಿ ಅಂತ ನೋಡಿ, ಪಿಸ್ತೂಲು ಇಟ್ಟು ನೋಡಿ: ಟಕ್ ಅಂತ ಕೂರಬೇಕು. ಹಾಸಿಗೆ ಮೇಲೆ ತಲೆಕೆಳಗು ಮಾಡಿ ಅಲ್ಲಾಡಿಸಿದರೂ ಬೀಳಬಾರದು. ಬೆಲ್ಟ್ ಗಟ್ಟಿ ಇರಲಿ, ಆಫೀಸ್ ಬೆಲ್ಟ್ ಜೋತು ಬೀಳುತ್ತೆ.

ಆಸ್ಟಿನ್_ಅಣ್ಣ:
ಹೋಲ್‌ಸ್ಟರ್ ಸರಿಯಿದ್ದರೂ ವಾಪಸ್ ಇಡುವಾಗ ಹುಷಾರು. ಅವಸರ ಬೇಡ, ಅಂಗಿ ಮೇಲೆತ್ತಿ ಕಣ್ಣಲ್ಲಿ ನೋಡಿಕೊಂಡು ಇಡಿ, ಬೆರಳು ಟ್ರಿಗರ್‌ನಿಂದ ದೂರ. ಜಾಕೆಟ್ ದಾರ ಟ್ರಿಗರ್ ಗಾರ್ಡ್ ಒಳಗೆ ಸಿಕ್ಕಿದರೆ ಮುಗೀತು. ಹೊಟ್ಟೆ ಮುಂದೆ ಇಟ್ಟರೆ ನಳಿಕೆ ತೊಡೆಯ ದೊಡ್ಡ ರಕ್ತನಾಳದ ಕಡೆಗಿರುತ್ತೆ, ನೆನಪಿರಲಿ. ಅದಕ್ಕೇ ಹೋಲ್‌ಸ್ಟರನ್ನು ಸೊಂಟದಿಂದ ಬಿಚ್ಚಿ, ಪಿಸ್ತೂಲು ಕೂರಿಸಿ, ಆಮೇಲೆ ಒಟ್ಟಿಗೆ ಸಿಕ್ಕಿಸಿಕೊಳ್ಳಿ. ರಾತ್ರಿ ತೆಗೆಯುವಾಗಲೂ ಹಾಗೇ.
ಭಯಕ್ಕೆ ಒಂದು ಉಪಾಯ. ಗುಂಡೆಲ್ಲ ಬೇರೆ ರೂಮಿನಲ್ಲಿಟ್ಟು, ಚೇಂಬರ್ ಖಾಲಿ ಅಂತ ಎರಡು ಸಲ ನೋಡಿ, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಎಳೆದು ಬಿಟ್ಟು ಮನೆಯಲ್ಲಿ ಇಡೀ ದಿನ ಕಟ್ಟಿಕೊಂಡಿರಿ. ಕೂರಿ, ಬಗ್ಗಿ, ಪಾತ್ರೆ ತೊಳೀರಿ. ಸಂಜೆ ಟ್ರಿಗರ್ ಮುಂದೆಯೇ ಇದ್ದರೆ ಯಾವುದೂ ಅದನ್ನು ಒತ್ತಿಲ್ಲ, ಒತ್ತಿದ್ದರೆ ಹಿಂದೆ ಹೋಗಿರುತ್ತೆ. ಕೆಲವು ದಿನ ಹೀಗೆ ಮಾಡಿದರೆ ಧೈರ್ಯ ಬರುತ್ತೆ. ಬರಲಿಲ್ಲವಾ, ಸೊಂಟದ ಪಕ್ಕಕ್ಕೆ ಕಟ್ಟಿ, ಯಾರೂ ಬೈಯುವುದಿಲ್ಲ.

ಹೂಸ್ಟನ್_ಅಕ್ಕ:
ಮಗಳ ವಿಷಯ ಯಾರೂ ಎತ್ತಲೇ ಇಲ್ವಲ್ಲ! ಸೊಂಟದಲ್ಲಿಲ್ಲ ಅಂದರೆ ಬೀಗದ ಪೆಟ್ಟಿಗೆಯಲ್ಲಿ, ಅಷ್ಟೇ. ಬೀರು ಮೇಲೆ, ವ್ಯಾನಿಟಿ ಬ್ಯಾಗಲ್ಲಿ ಬಿಡೋದು ಬೇಡ. 17 ತುಂಬದ ಮಕ್ಕಳ ಕೈಗೆ ಸಿಗುವ ಹಾಗೆ ಗುಂಡು ತುಂಬಿದ ಪಿಸ್ತೂಲು ಬಿಟ್ಟಿದ್ದು, ಮಗು ಅದನ್ನು ಮುಟ್ಟಿದರೆ ಟೆಕ್ಸಸ್‌ನಲ್ಲಿ ಅಪರಾಧ. 2021ರ ಸೆಪ್ಟೆಂಬರ್‌ನಿಂದ 21 ತುಂಬಿದ ಹೆಚ್ಚಿನವರಿಗೆ ಪಿಸ್ತೂಲು ಒಯ್ಯೋಕೆ ಲೈಸೆನ್ಸ್ ಬೇಕಿಲ್ಲ, ನಿಜ. ಆದರೂ ಎಲ್‌ಟಿಸಿ (ಪಿಸ್ತೂಲು ಒಯ್ಯುವ ಲೈಸೆನ್ಸ್) ಕ್ಲಾಸ್ ಮಾಡಿ. ಎಲ್ಲಿ ಒಯ್ಯಬಾರದು, ಮರೆಮಾಡಿದ ಪಿಸ್ತೂಲು ತರಬೇಡಿ ಅನ್ನುವ 30.06 ಬೋರ್ಡ್ ಅಂದರೇನು ಅಂತ ಹೇಳಿಕೊಡುತ್ತಾರೆ. ಎಚ್1ಬಿ (ಕೆಲಸದ ವೀಸಾ) ಗೆಳೆಯರಿಗೆ "ಸುಮ್ನೆ ಹಿಡಿದು ನೋಡು" ಅಂತ ಕೊಡಬೇಡಿ, ಕೆಲವು ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನಲ್ಲಿ ಅವರಿಗೆ ನಿಷೇಧ.

ಪ್ಲೇನೋ_ಕನ್ನಡಿಗ:
ಥ್ಯಾಂಕ್ಸ್ ಅಕ್ಕ, ಪೆಟ್ಟಿಗೆ ಇವತ್ತೇ ತರುತ್ತೇನೆ. ನಾನು ಎಡಚ, ಕೈಡೆಕ್ಸ್‌ನಲ್ಲಿ ಸಿಗುತ್ತಾ?

ರೇಂಜ್‌ರಾಯ:
ಸಿಗುತ್ತೆ. ಆರ್ಡರ್ ಮಾಡುವಾಗ ಲೆಫ್ಟ್ ಹ್ಯಾಂಡ್ ಅಂತ ಆರಿಸಿ. ಪಿಸ್ತೂಲಿಗೆ ಲೈಟ್ ಹಾಕಿಸಿದ್ದರೆ ಅದನ್ನೂ ತಿಳಿಸಿ, ಅದಕ್ಕೆ ಅಚ್ಚೇ ಬೇರೆ.