ಹಾಲ್‌ನ ಒಂದು ಗೋಡೆ ಪೂರ್ತಿ ಸಾಗವಾನಿ ಹಲಗೆ: ಬಣ್ಣ ಹೊಡೀಬೇಕಾ, ಏನಾದರೂ ತೂಗು ಹಾಕಬೇಕಾ?

ಫರಸಿಮನೆ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ನಾವು ಹೋದ ವರ್ಷ ಕಲಬುರಗಿಯಲ್ಲಿ ಒಂದು ಹಳೆ ಮನೆ ಕೊಂಡೆವು. ಮನೆ ಗಟ್ಟಿ ಇದೆ, ಗಾಳಿ ಚೆನ್ನಾಗಿ ಬರುತ್ತದೆ, ಅದರ ಬಗ್ಗೆ ತಕರಾರಿಲ್ಲ. ಚಿಂತೆ ಇರೋದು ಹಾಲ್‌ನ ಒಂದು ಗೋಡೆಯದು. ಸುಮಾರು 16 ಅಡಿ ಅಗಲ, 10 ಅಡಿ ಎತ್ತರ, ಕೆಳಗಿನಿಂದ ಮೇಲಿನ ತನಕ ಕಟ್ಟಿಗೆ. ಮೊದಲಿನ ಮಾಲೀಕರು ಆಸೆಪಟ್ಟು ಮಾಡಿಸಿದ್ದಂತೆ, ಸಾಗವಾನಿ ಅಂತಲೇ ಹೇಳಿ ಕೊಟ್ಟರು. ಬಣ್ಣ ಕಡು ಕಂದು, ಮೇಲೆ ಹೊಳೆಯುವ ಪಾಲಿಶ್. ನೆಲಕ್ಕೆ ಶಹಾಬಾದ್ ಫರಸಿ, ಅದೂ ಕಪ್ಪು ಕಡೆಗೇ. ಕಿಟಕಿ ಇರೋದು ಒಂದೇ ಬದಿಗೆ. ಹಗಲು ಹನ್ನೆರಡು ಗಂಟೆಗೂ ಲೈಟ್ ಹಾಕಿ ಕೂರಬೇಕು ಅನ್ನಿಸುತ್ತದೆ.

ನಮ್ಮ ಯಜಮಾನರು ಕಿತ್ತು ಹಾಕಿಸೋಣ ಅಂತಾರೆ. ಅತ್ತೆಯವರಿಗೆ ಅದು ಬಹಳ ಇಷ್ಟ, ಇಂಥ ಕಟ್ಟಿಗೆ ಈಗ ಎಲ್ಲಿ ಸಿಗುತ್ತದೆ ಅಂತಾರೆ. ನನಗೂ ಕೀಳಲು ಮನಸ್ಸಿಲ್ಲ. ಆದರೆ ಈಗ ಇರೋ ಹಾಗೆ ಬಿಡಲೂ ಆಗಲ್ಲ. ಸಣ್ಣ ಸಣ್ಣ ಫೋಟೋ ಫ್ರೇಮ್ ಹಿಡಿದು ನೋಡಿದೆವು, ಅಷ್ಟು ದೊಡ್ಡ ಗೋಡೆಯಲ್ಲಿ ಎಲ್ಲಿ ಹೋದವು ಅಂತ ಹುಡುಕಬೇಕು. ಟಿವಿ ಕೂಡ ಅದೇ ಗೋಡೆಗೆ ಬೇಕು ಅಂತ ಮಕ್ಕಳ ಹಟ. ಬಣ್ಣ ಹೊಡೆಸಬೇಕಾ? ಏನು ತೂಗು ಹಾಕಿದರೆ ಚೆಂದ? ಭಾರದ ವಸ್ತು ಹಾಕಿದರೆ ಹಲಗೆ ತಡೆಯುತ್ತದಾ? ನಮ್ಮ ಕಡೆಯ ಮನೆ, ನಮ್ಮ ಕಡೆಯ ಬಿಸಿಲು ಗೊತ್ತಿರೋರು ಹೇಳಿದರೆ ಒಳ್ಳೆಯದು.

ಬಿಳಿಗೋಡೆ:

ಅಕ್ಕಾರೆ, ನೇರವಾಗಿ ಹೇಳ್ತೀನಿ, ಬಣ್ಣ ಹೊಡೆಸಿ. ಕಪ್ಪು ನೆಲ, ಕಂದು ಗೋಡೆ, ಒಂದೇ ಕಿಟಕಿ, ಇಷ್ಟಿದ್ದ ಮೇಲೆ ಏನು ತೂಗು ಹಾಕಿದರೂ ಹಾಲ್ ಕತ್ತಲೆಯೇ. ನಮ್ಮ ಮನೆಯಲ್ಲಿ ಮೇಲಿನ ಕೋಣೆಗೆ ಹೀಗೇ ಪ್ಲೈವುಡ್ ಹೊಡೆದಿದ್ದರು, ತಿಳಿ ಕೆನೆ ಬಣ್ಣ ಹೊಡೆಸಿದ ಮೇಲೆ ಕೋಣೆ ದೊಡ್ಡದಾದ ಹಾಗೆ ಆಯಿತು. ಆದರೆ ಸುಮ್ನೆ ಮೇಲೆ ಬಣ್ಣ ಬಳಿಯಬೇಡಿ. ಹೊಳೆಯುವ ಪಾಲಿಶ್ ಮೇಲೆ ಬಣ್ಣ ನಿಲ್ಲಲ್ಲ, ಉಗುರು ತಾಗಿದರೆ ಸಿಪ್ಪೆ ಏಳುತ್ತದೆ. ಮೊದಲು ಸೋಪಿನ ನೀರಲ್ಲಿ ಜಿಡ್ಡು ತೆಗೆಸಿ, 180 ನಂಬರ್ ಸ್ಯಾಂಡ್ ಪೇಪರಿನಲ್ಲಿ ಹೊಳಪು ಹೋಗೋ ತನಕ ಉಜ್ಜಿಸಿ, ಧೂಳು ಒರೆಸಿ, ಆಮೇಲೆ ಆಯಿಲ್ ಪ್ರೈಮರ್. ಸಾಗವಾನಿಯಲ್ಲಿ ಎಣ್ಣೆ ಅಂಶ ಜಾಸ್ತಿ. ಪ್ರೈಮರ್ ಇಲ್ಲದೆ ತಿಳಿ ಬಣ್ಣ ಹೊಡೆದರೆ ಕೆಲವು ತಿಂಗಳಲ್ಲಿ ಹಳದಿ ಕಲೆ ಮೇಲೆ ಬರುತ್ತದೆ.

ಬಡಿಗೇರ ಓಣಿ:

ಮೇಲಿನ ಅಣ್ಣಾರು ಹೇಳಿದ ವಿಧಾನ ಸರಿ ಇದೆ, ಸಲಹೆ ಮಾತ್ರ ನನಗೆ ಒಪ್ಪಿಗೆ ಇಲ್ಲ. ಪ್ಲೈವುಡ್ಡಿಗೆ ಬಣ್ಣ ಹೊಡೆಯೋದು ಬೇರೆ, ಸಾಗವಾನಿಗೆ ಹೊಡೆಯೋದು ಬೇರೆ. ಒಮ್ಮೆ ಹೊಡೆದರೆ ಎಳೆಗಳ ಸಂದಿಯೊಳಗೆ ಕೂತ ಬಣ್ಣ ಪೂರ್ತಿ ತೆಗೆಯೋದು ಆಗಲ್ಲ. ತೆಗೆಸಿದರೂ ಕೂಲಿಯೇ ಬಹಳ ಆಗುತ್ತದೆ. ಹಾಗಾಗಿ ಬಣ್ಣ ಕೊನೆಯ ದಾರಿ ಆಗಲಿ, ಮೊದಲನೆಯದಲ್ಲ.

ನಮ್ಮ ಮನೆತನದ್ದು ಬಡಿಗತನ. ನಾನು ಮೊದಲು ಕೇಳೋದು, ಅದು ನಿಜವಾಗಲೂ ಸಾಗವಾನಿ ಹಲಗೆಯಾ, ಇಲ್ಲ ಪ್ಲೈ ಮೇಲೆ ಸಾಗವಾನಿಯ ತೆಳು ಪದರ ಅಂಟಿಸಿದ್ದಾ? ಸ್ವಿಚ್ ಬೋರ್ಡ್ ಇರೋ ಜಾಗದಲ್ಲಿ ಮೇನ್ ಆಫ್ ಮಾಡಿ, ಮುಚ್ಚಳ ಬಿಚ್ಚಿ ಕತ್ತರಿಸಿದ ಅಂಚು ನೋಡಿ. ಪದರ ಪದರ ಕಂಡರೆ ಪ್ಲೈ. ಒಂದೇ ಎಳೆ ಒಳಗಿನ ತನಕ ಹೋಗಿದ್ದರೆ ಹಲಗೆ. ಪದರ ಅಂಟಿಸಿದ್ದಾದರೆ ಜಾಸ್ತಿ ಉಜ್ಜಲೇಬಾರದು, ಅದು ಕಾಗದದಷ್ಟೇ ತೆಳು, ಕೆಳಗಿನ ಪ್ಲೈ ಹೊರಗೆ ಬಂದುಬಿಡುತ್ತದೆ.

ಎರಡನೆಯದು ಗೆದ್ದಲು. ಇದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ನಮ್ಮ ಕಡೆ ಗೆದ್ದಲಿನ ಕಾಟ ಗೊತ್ತೇ ಇದೆ. ಸಾಗವಾನಿಯ ಕೆಚ್ಚನ್ನು, ಅಂದರೆ ಮರದ ಒಳಗಿನ ಗಟ್ಟಿ ಭಾಗವನ್ನು, ಗೆದ್ದಲು ಸುಲಭಕ್ಕೆ ಮುಟ್ಟಲ್ಲ, ಆದರೆ ಹಲಗೆಯ ಹಿಂದೆ ಹೊಡೆಯುವ ಪಟ್ಟಿಗಳಿಗೆ ಯಾರೂ ಸಾಗವಾನಿ ಹಾಕಲ್ಲ, ಅಗ್ಗದ ಜಂಗಲ್ ಕಟ್ಟಿಗೆ ಇರುತ್ತದೆ. ಮುಂದೆ ನೋಡಿದರೆ ಗೋಡೆ ಲಕಲಕ, ಹಿಂದೆ ಪಟ್ಟಿ ಪುಡಿ ಪುಡಿ. ಕೆಳಗೆ ಫರಸಿ ಸೇರುವ ಅಂಚಿನಲ್ಲಿ ಮಣ್ಣಿನ ಸಣ್ಣ ಗೆರೆ ಇದೆಯಾ ನೋಡಿ. ಗೆಣ್ಣಿನಿಂದ ಉದ್ದಕ್ಕೂ ಬಡಿಯುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಹಿಂದೆ ಖಾಲಿ, ಗಟ್ಟಿ ಸದ್ದು ಬಂದ ಕಡೆ ಪಟ್ಟಿ. ಪಟ್ಟಿಗಳು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಅಡಿಗೆ ಒಂದು ಇರುತ್ತವೆ. ಗಟ್ಟಿ ಸದ್ದು ಸಾಲಾಗಿ ಬಾರದೆ ಅಲ್ಲಲ್ಲಿ ಮಾಯವಾದರೆ ಒಂದು ಹಲಗೆ ಬಿಚ್ಚಿ ನೋಡಲೇಬೇಕು.

ಭಾರದ ಮಾತು: ಹಗುರ ಫ್ರೇಮ್ ಆದರೆ ಹಲಗೆಗೇ ಸ್ಕ್ರೂ ಸಾಕು. ನಾಲ್ಕೈದು ಕೆಜಿ ದಾಟಿದರೆ ಪಟ್ಟಿಗೆ ಸ್ಕ್ರೂ ಹೋಗಬೇಕು. ಟಿವಿ ಆದರೆ ಹಲಗೆಯನ್ನೂ ಪಟ್ಟಿಯನ್ನೂ ನಂಬಬೇಡಿ, ಉದ್ದ ಸ್ಕ್ರೂ ಹಲಗೆ ದಾಟಿ ಇಟ್ಟಿಗೆ ಗೋಡೆಯೊಳಗಿನ ಪ್ಲಗ್ಗಿಗೆ ಕೂರಬೇಕು. ಮೊಳೆ ಹೊಡೆಯಲೇಬೇಡಿ. ಬೇಸಿಗೆಯಲ್ಲಿ ಒಣಗಿದ ಸಾಗವಾನಿಗೆ ಮೊಳೆ ಹೊಡೆದರೆ ಎಳೆಗುಂಟ ಸೀಳುತ್ತದೆ. ಸಣ್ಣ ಡ್ರಿಲ್ ಹಾಕಿ ತೂತು ಮಾಡಿ ಆಮೇಲೆ ಸ್ಕ್ರೂ.

ಇನ್ನೊಂದು ಮಾತು, ಗೋಡೆ ಕಡು ಕಂದು ಇರೋದು ಕಟ್ಟಿಗೆಯ ಬಣ್ಣವೇ ಅಂತ ತಿಳಿಯಬೇಡಿ. ಹಳೆ ಅರಗಿನ ಪಾಲಿಶ್ ಇದ್ದರೆ ಧೂಳು, ಹೊಗೆ, ಕೈ ಜಿಡ್ಡು ಎಲ್ಲ ಸೇರಿ ವರ್ಷ ಕಳೆದಂತೆ ಕಪ್ಪಾಗುತ್ತದೆ. ಸೋಫಾ ಹಿಂದೆ ಕಾಣದ ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ ಹಾಕಿ ಉಜ್ಜಿ. ಪಾಲಿಶ್ ಅಂಟಂಟಾಗಿ ಕಂದು ಬಣ್ಣ ಹತ್ತಿಗೆ ಬಂದರೆ ಅರಗಿನದ್ದು. ಅದನ್ನು ತೆಗೆಸಿ ಹೊಳಪಿಲ್ಲದ ಮ್ಯಾಟ್ ಪಾಲಿಶ್ ಹಾಕಿಸಿದರೆ ಒಳಗಿಂದ ಜೇನಿನ ಬಣ್ಣದ ಕಟ್ಟಿಗೆ ಬರಬಹುದು. ಅಷ್ಟಕ್ಕೇ ನಿಮ್ಮ ಅರ್ಧ ಸಮಸ್ಯೆ ಮುಗಿಯುತ್ತದೆ.

ಬೀದರ್ ಕೋಟೆ ಹತ್ತಿರ:

ಬಡಿಗೇರ ಅಣ್ಣಾರ ಮಾತಿಗೆ ನನ್ನದೂ ಒಂದು ಸೇರಿಸ್ತೀನಿ. ದಯವಿಟ್ಟು ಕೀಳಬೇಡಿ, ಬಣ್ಣವನ್ನೂ ಹೊಡೆಯಬೇಡಿ. ಕಡು ಬಣ್ಣದ ಗೋಡೆಯನ್ನು ಏನು ಮಾಡಬೇಕು ಅಂತ ನಮ್ಮ ಬೀದರಿನವರಿಗೆ ಐದು ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಕೋಟೆಯೊಳಗಿನ ರಂಗೀನ್ ಮಹಲ್ ನೋಡಿದ್ದೀರಾ? ಕೆತ್ತನೆಯ ಮರದ ಕಂಬಗಳು, ಬಣ್ಣದ ಹೆಂಚು, ಒಳಗೆ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿ ಬಳ್ಳಿ, ಅಕ್ಷರ ಬರೆದಿದ್ದಾರೆ. ಕಲ್ಲು ಕಪ್ಪು ಇದ್ದದ್ದಕ್ಕೇ ಚಿಪ್ಪು ಮಿನುಗೋದು. ಬಿಳಿ ಗೋಡೆಯ ಮೇಲೆ ಅದೇ ಚಿಪ್ಪು ಕೂರಿಸಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬಿದ್ರಿಯ ಗುಟ್ಟೂ ಇದೇ ಅಲ್ವಾ? ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿ ಕಪ್ಪು ಮಾಡೋದು. ಬೆಳ್ಳಿ ಹಾಗೇ ಉಳಿಯುತ್ತದೆ, ಸುತ್ತಲಿನದ್ದು ಮಾತ್ರ ಕಪ್ಪಾಗುತ್ತದೆ.

ಹಾಗಾಗಿ ನಿಮ್ಮ ಗೋಡೆಗೆ ಬೇಕಾಗಿರೋದು ಎರಡೇ. ಒಂದು ಬೆಳಕು. ಇನ್ನೊಂದು, ಹೊಳೆಯುವ ಅಥವಾ ತಿಳಿ ಬಣ್ಣದ ಕೆಲವೇ ಕೆಲವು ದೊಡ್ಡ ವಸ್ತು.

ಬೆಳಕಿನದ್ದು ಮೊದಲು ಮಾಡಿಸಿ, ಆಮೇಲೆ ಏನು ತೂಗು ಹಾಕೋದು ಅಂತ ಯೋಚಿಸಿ. ನಮ್ಮ ಮನೆಗಳಲ್ಲೆಲ್ಲ 6500 ಕೆಲ್ವಿನ್‌ನ ಬೆಳ್ಳನೆ ಎಲ್‌ಇಡಿ ಪಟ್ಟಿ ಹಾಕಿಬಿಡ್ತಾರೆ. ಆ ಬೆಳಕಿನಲ್ಲಿ ಕಟ್ಟಿಗೆ ಬೂದು ಬೂದಾಗಿ ಜೀವ ಇಲ್ಲದ ಹಾಗೆ ಕಾಣುತ್ತದೆ. 3000 ಅಥವಾ 2700 ಕೆಲ್ವಿನ್ ಅಂತ ಪೆಟ್ಟಿಗೆ ಮೇಲೆ ಬರೆದಿರೋ ವಾರ್ಮ್ ಲೈಟ್ ತನ್ನಿ. ಅದನ್ನು ಹಾಲ್ ನಡುವೆ ಅಲ್ಲ, ಆ ಗೋಡೆಯಿಂದ ಒಂದೂವರೆ ಎರಡು ಅಡಿ ದೂರದಲ್ಲಿ ಸೀಲಿಂಗಿಗೆ ಸಾಲಾಗಿ ಹಾಕಿ, ಬೆಳಕು ಗೋಡೆಗುಂಟ ಕೆಳಗೆ ಇಳಿಯಬೇಕು. ಪಾಲಿಶ್ ಹೊಳೆಯುತ್ತಿದ್ದರೆ ಬಲ್ಬಿನ ಪ್ರತಿಬಿಂಬ ಕಣ್ಣಿಗೆ ಹೊಡೆಯುತ್ತದೆ, ಅದಕ್ಕೇ ಮ್ಯಾಟ್ ಪಾಲಿಶ್ ಅನ್ನೋ ಮಾತು ನೂರಕ್ಕೆ ನೂರು ಸರಿ.

ಬಿದ್ರಿ ಹಾಕೋದಾದರೆ ದೊಡ್ಡ ತಟ್ಟೆ ಒಂದೋ ಮೂರೋ ಸಾಕು. ನಮ್ಮ ಬೀದರ್ ಹಳೆ ಊರಿನ ನಡುವೆ ಇರೋ ಚೌಬಾರ ಗೋಪುರದ ಸುತ್ತ ಅಂಗಡಿಗಳಿವೆ, ಬಂದು ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ. ತಾರಕಶಿ ಅಂದರೆ ತಂತಿಯ ಕೆಲಸ ಬಹಳ ನಾಜೂಕು, ಆದರೆ ಅದು ಹತ್ತಿರದಿಂದ ನೋಡೋದಕ್ಕೆ. ಹತ್ತು ಹನ್ನೆರಡು ಅಡಿ ದೂರ ಸೋಫಾದಲ್ಲಿ ಕೂತು ನೋಡಿದರೆ ಎಳೆಗಳೆಲ್ಲ ಒಂದರೊಳಗೊಂದು ಸೇರಿಹೋಗುತ್ತವೆ. ಗೋಡೆಗೆ ಅಗಲವಾದ ಬೆಳ್ಳಿ ತಗಡು ಕೂರಿಸಿದ ಕೆಲಸ ಕೇಳಿ, ದೊಡ್ಡ ಹೂವು, ದೊಡ್ಡ ಎಲೆ. ಸತುವಿನದ್ದಾದ್ದರಿಂದ ತೂಕ ಜಾಸ್ತಿ, ಬಿದ್ದರೆ ಒಡೆದೇ ಹೋಗುತ್ತದೆ. ಪಟ್ಟಿ ಇರೋ ಜಾಗದಲ್ಲೇ ಸ್ಕ್ರೂ ಹಾಕಿಸಿ. ಹುಣಸೆಹಣ್ಣು, ನಿಂಬೆಹುಳಿ ಹಾಕಿ ಹಿತ್ತಾಳೆ ತಿಕ್ಕಿದ ಹಾಗೆ ತಿಕ್ಕಬೇಡಿ, ಕಪ್ಪು ಹೋಗಿಬಿಡುತ್ತದೆ. ಮೆತ್ತಗಿನ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.

ಫರಸಿಮನೆ, ಕಲಬುರಗಿ:

ಇಷ್ಟು ಮನಸ್ಸಿಟ್ಟು ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಸ್ವಿಚ್ ಬೋರ್ಡ್ ಬಿಚ್ಚಿ ನೋಡಿದೆವು. ಒಂದೇ ಎಳೆ ಒಳಗಿನ ತನಕ ಹೋಗಿದೆ, ಹಲಗೆಯೇ. ಅತ್ತೆಯವರ ಮುಖ ನೋಡಬೇಕಿತ್ತು! ಸ್ಪಿರಿಟ್ ಹಾಕಿ ಉಜ್ಜಿದರೆ ಹತ್ತಿ ಕಂದಾಯಿತು, ಕೆಳಗಿನ ಕಟ್ಟಿಗೆ ನಿಜವಾಗಲೂ ತಿಳಿ ಇದೆ. ಎಡಗಡೆ ಕೆಳಗೆ ಒಂದು ಕಡೆ ಮಾತ್ರ ಸದ್ದು ಬೇರೆ ಬಂತು, ಅಲ್ಲಿ ಹಲಗೆ ಬಿಚ್ಚಿಸ್ತೀವಿ. ಯಜಮಾನರು ಈಗ ಕೀಳೋ ಮಾತು ಬಿಟ್ಟಿದ್ದಾರೆ.

ಬಿದ್ರಿ ತಟ್ಟೆ ಮೂರು ಒಟ್ಟಿಗೆ ತರೋಷ್ಟು ಈಗ ಕೈ ಓಡಲ್ಲ. ಅತ್ತೆಯವರ ಹತ್ತಿರ ಅವರ ತಾಯಿ ಹೊಲಿದ ಒಂದು ದೊಡ್ಡ ಕೌದಿ ಇದೆ. ಹಳೆ ಇಳಕಲ್ ಸೀರೆಯ ತುಂಡುಗಳು, ಕೆಂಪು, ಹಸಿರು, ನಡುವೆ ಬಿಳಿ. ಟ್ರಂಕಿನಲ್ಲಿ ಮಡಚಿ ಇಟ್ಟಿದ್ದಾರೆ. ಅದನ್ನು ಗೋಡೆಗೆ ಹಾಕಬಹುದಾ? ಹಾಸಿ ಹೊದೆಯೋ ವಸ್ತು ಹಾಲ್‌ನಲ್ಲಿ ತೂಗು ಹಾಕಿದರೆ ಬಂದವರು ಏನಂತಾರೋ ಅಂತ ಅವರಿಗೆ ಸಂಕೋಚ.

ಸುರಪುರದವಳು:

ಯಾಕೆ ಸಂಕೋಚ ಅಕ್ಕಾ? ಅಜ್ಜಿಯ ಕೈ ಹೊಲಿಗೆ ಅದು, ಮನೆಯ ಎಲ್ಲಕ್ಕಿಂತ ಒಳ್ಳೆಯ ಗೋಡೆಗೆ ಅದೇ ಬರಬೇಕು. ನಾನಂತೂ ಅಂಗಡಿಯ ಪೇಂಟಿಂಗಿಗಿಂತ ಕೌದಿಗೇ ಓಟು ಹಾಕ್ತೀನಿ. ಗಾತ್ರವೂ ಸರಿ ಹೊಂದುತ್ತದೆ. ನಮ್ಮ ಸುರಪುರ ಶೈಲಿಯ ಚಿತ್ರ ನನಗೆ ಪ್ರಾಣ, ಅದರ ಚಿನ್ನದ ಕೆಲಸ ಕಟ್ಟಿಗೆಯ ಮೇಲೆ ಬಹಳ ಚೆಂದ ಕಾಣುತ್ತದೆ, ಆದರೆ ಅವೆಲ್ಲ ಸೂಕ್ಷ್ಮ ಕುಸುರಿ, ಹತ್ತಿರ ನಿಂತು ನೋಡಬೇಕು. 16 ಅಡಿ ಗೋಡೆಯ ನಡುವೆ ಹಾಕಿದರೆ ಚಿತ್ರಕ್ಕೂ ಅನ್ಯಾಯ, ಗೋಡೆಗೂ ಅನ್ಯಾಯ.

ಕೌದಿಗೆ ಮೊಳೆ ಹೊಡೆಯಬೇಡಿ, ಕ್ಲಿಪ್ಪೂ ಹಾಕಬೇಡಿ. ಎಲ್ಲ ಭಾರ ಎರಡು ಮೂಲೆಗೆ ಬಿದ್ದು ಹಳೆ ಬಟ್ಟೆ ಹರಿಯುತ್ತದೆ. ಹಿಂದುಗಡೆ ಮೇಲಿನ ಅಂಚಿಗೆ ಉದ್ದಕ್ಕೂ ನಾಲ್ಕು ಇಂಚು ಅಗಲದ ಕೋರಾ ಬಟ್ಟೆ ಕೊಳವೆಯ ಹಾಗೆ ಕೈಯಲ್ಲಿ ಹೊಲಿಯಿರಿ, ಪರದೆಗೆ ಮಾಡ್ತೀವಲ್ಲ ಹಾಗೆ. ಹೊಲಿಗೆ ಹಿಂದಿನ ಪದರಕ್ಕೆ ಮಾತ್ರ ಹಿಡಿಯಲಿ, ಮುಂದೆ ಕಾಣಬಾರದು. ಅದರೊಳಗೆ ಪರದೆ ಕೋಲು ತೂರಿಸಿ ಎರಡು ಬ್ರ್ಯಾಕೆಟ್ ಮೇಲೆ ಕೂರಿಸಿ. ಹಾಕೋ ಮೊದಲು ನೆರಳಲ್ಲಿ ಗಾಳಿಗೆ ಹಾಕಿ, ಟ್ರಂಕಿನ ಡಾಂಬರು ಗುಳಿಗೆ ವಾಸನೆ ಹೋಗಲಿ. ಒಗೆಯಬೇಡಿ, ಹಳೆ ಕೆಂಪು ಬಣ್ಣ ಬಿಟ್ಟರೆ ಪಕ್ಕದ ಬಿಳಿ ತುಂಡೆಲ್ಲ ಹಾಳು.

ಎರಡು ವಿಷಯ ಗಮನ ಇರಲಿ. ಕಿಟಕಿಯ ಬಿಸಿಲು ನೇರ ಕೌದಿಗೆ ಬೀಳಬಾರದು, ಮೇ ತಿಂಗಳ ನಮ್ಮ ಬಿಸಿಲಿಗೆ ಬಣ್ಣ ಬೇಗ ಮಾಸುತ್ತದೆ. ಮತ್ತೆ ಧೂಳು. ತಿಂಗಳಿಗೊಮ್ಮೆ ವ್ಯಾಕ್ಯೂಮ್ ಬಾಯಿಗೆ ತೆಳು ಬಟ್ಟೆ ಕಟ್ಟಿ ಮೆಲ್ಲಗೆ ಎಳೆಯಿರಿ, ಕೋಲಲ್ಲಿ ಬಡಿಯಬೇಡಿ. ವರ್ಷ ಪೂರ್ತಿ ತೂಗು ಹಾಕದೆ ಮಳೆಗಾಲ ಬಂದಾಗ ಇಳಿಸಿ ಸುರುಳಿ ಸುತ್ತಿ ಇಟ್ಟರೆ ಬಟ್ಟೆಗೂ ಸ್ವಲ್ಪ ವಿಶ್ರಾಂತಿ. ಆಗ ಆ ಜಾಗಕ್ಕೆ ಬೇರೆ ಏನಾದರೂ ಹಾಕಿದರಾಯಿತು.

ಬಿಳಿಗೋಡೆ:

ಗಟ್ಟಿ ಹಲಗೆ ಅಂತಾದರೆ ನಾನೂ ಬಣ್ಣ ಬೇಡ ಅಂತೀನಿ. ಆದರೆ ಕತ್ತಲೆಯ ಮಾತು ಬಿಡಲ್ಲ. ಉಳಿದ ಮೂರು ಗೋಡೆ ತಿಳಿ ಕೆನೆ ಮಾಡಿಸಿ, ಸೀಲಿಂಗ್ ಬಿಳಿ. ಕಿಟಕಿ ಎದುರಿಗೆ ಬರೋ ಗೋಡೆಗೆ ದೊಡ್ಡ ಕನ್ನಡಿ ಹಾಕಿದರೆ ಹಗಲಿನ ಬೆಳಕು ಎರಡು ಪಾಲು ಸಿಕ್ಕ ಹಾಗೆ. ಕನ್ನಡಿಯಲ್ಲಿ ಕಟ್ಟಿಗೆ ಗೋಡೆಯೇ ಕಾಣೋ ಹಾಗೆ ಇಡಬೇಡಿ, ಕತ್ತಲೆ ಇನ್ನೂ ಜಾಸ್ತಿ ಆಗುತ್ತದೆ. ಫರಸಿ ಮೇಲೆ ತಿಳಿ ಬಣ್ಣದ ಜಮಖಾನ ಹಾಸಿ.

ಬೀದರ್ ಕೋಟೆ ಹತ್ತಿರ:

ಕೌದಿ ಇದೆ ಅಂತ ಮೊದಲೇ ಹೇಳಿದ್ದರೆ ನಾನು ಬಿದ್ರಿ ಮಾತೇ ಎತ್ತುತ್ತಿರಲಿಲ್ಲ ಅಕ್ಕಾರೆ. ಅದೇ ಗೋಡೆಯ ಮುಖ್ಯ ವಸ್ತು ಆಗಲಿ. ಆದರೆ ಟಿವಿ ಮತ್ತು ಕೌದಿ ಎರಡನ್ನೂ ಅದೇ ಗೋಡೆಗೆ ಹಾಕಿದರೆ ಒಂದನ್ನೊಂದು ತಿಂದುಬಿಡುತ್ತವೆ. ಮಕ್ಕಳನ್ನು ಒಪ್ಪಿಸಿ ಟಿವಿಯನ್ನು ಪಕ್ಕದ ಗೋಡೆಗೆ ಕಳಿಸಿ. ಒಪ್ಪಲೇ ಇಲ್ಲ ಅಂದರೆ ಟಿವಿ ಬಲ ತುದಿಗೆ, ಅದರ ಕೆಳಗೆ ತಗ್ಗಿನ ಕಪಾಟು, ಕೌದಿ ಎಡಕ್ಕೆ, ನಡುವೆ ಕನಿಷ್ಠ ಎರಡು ಅಡಿ ಬರೀ ಕಟ್ಟಿಗೆ ಬಿಡಿ.

ಎತ್ತರದಲ್ಲಿ ಎಲ್ಲರೂ ಎಡವೋದು ಜಾಸ್ತಿ ಮೇಲೆ ಹಾಕಿ. ಗೋಡೆ 10 ಅಡಿ ಇದೆ ಅಂತ ಮೇಲಕ್ಕೆ ಏರಿಸಬೇಡಿ. ವಸ್ತುವಿನ ನಡುಮಧ್ಯ ನೆಲದಿಂದ ಸುಮಾರು ಐದು ಅಡಿಗೆ ಬರಬೇಕು, ಅದು ನಿಂತವರ ಕಣ್ಣಿನ ಮಟ್ಟ. ಕೆಳಗೆ ಸೋಫಾ ಇದ್ದರೆ ಸೋಫಾ ಬೆನ್ನಿಗೂ ಕೌದಿಯ ಕೆಳ ಅಂಚಿಗೂ ಏಳೆಂಟು ಇಂಚು ಇರಲಿ, ಇಲ್ಲದಿದ್ದರೆ ಕೂತವರ ತಲೆ ಎಣ್ಣೆ ಹತ್ತುತ್ತದೆ. ಸ್ಕ್ರೂ ಹಾಕೋ ಮೊದಲು ಕೌದಿ ಅಳತೆಗೆ ಪೇಪರ್ ಅಂಟಿಸಿಕೊಂಡು ಗೋಡೆಗೆ ಟೇಪ್ ಹಚ್ಚಿ, ಸೋಫಾದಲ್ಲಿ ಕೂತೂ ನೋಡಿ, ಬಾಗಿಲಲ್ಲಿ ನಿಂತೂ ನೋಡಿ. ಉಳಿದ ಗೋಡೆ ಹಾಗೇ ಖಾಲಿ ಇರಲಿ ಬಿಡಿ. ಅಷ್ಟು ಒಳ್ಳೆಯ ಸಾಗವಾನಿ ಇದ್ದಾಗ ತುಂಬಿಸೋ ಅವಸರ ಬೇಡ.

ಬಡಿಗೇರ ಓಣಿ:

ಕೆಲಸದ ಕ್ರಮ ಒಂದು ತಪ್ಪದಿರಲಿ ಅಕ್ಕಾರೆ. ಮೊದಲು ಎಡಗಡೆಯ ಆ ಹಲಗೆ ಬಿಚ್ಚಿಸಿ ಪಟ್ಟಿ ನೋಡಿ, ತಿಂದಿದ್ದರೆ ಬದಲಾಯಿಸಿ ಗೆದ್ದಲಿನ ಔಷಧಿ ಹೊಡೆಸಿ. ಆಮೇಲೆ ಲೈಟಿನ ವೈರಿಂಗ್. ಅದು ಮುಗಿದ ಮೇಲೆ ಪಾಲಿಶ್, ಮುಂಚೆ ಮಾಡಿಸಿದರೆ ವೈರಿಂಗ್‌ನವರ ಧೂಳೆಲ್ಲ ಹಸಿ ಪಾಲಿಶ್ ಮೇಲೆ ಕೂರುತ್ತದೆ. ಪಾಲಿಶ್ ಮಾಡೋವಾಗ ಕಿಟಕಿ ಬಾಗಿಲು ತೆರೆದಿಡಿ, ಅಡುಗೆಮನೆಯಲ್ಲಿ ಒಲೆ ಹಚ್ಚಬೇಡಿ, ಸ್ಪಿರಿಟ್ ಥಿನ್ನರ್ ಆವಿಗೆ ಬೆಂಕಿ ಹತ್ತುತ್ತದೆ. ಅತ್ತೆಯವರನ್ನು ಆ ದಿನಗಳಲ್ಲಿ ಬೇರೆ ಕೋಣೆಯಲ್ಲಿ ಇರಿಸಿ. ವಾಸನೆ ಪೂರ್ತಿ ಹೋಗೋ ತನಕ ಕೌದಿ ಹಾಕಬೇಡಿ, ಬಟ್ಟೆ ಎಲ್ಲ ವಾಸನೆ ಹೀರಿಕೊಳ್ಳುತ್ತದೆ. ಹಲಗೆ ಬಿಚ್ಚಿದಾಗ ಹಿಂದಿನ ಫೋಟೋ ಇಲ್ಲಿ ಹಾಕಿ, ಪಟ್ಟಿ ಸ್ಥಿತಿ ನೋಡಿ ಹೇಳ್ತೀನಿ.