ತೂಕದ ಫೈಲ್ ಸ್ಕ್ರಿಪ್ಟಿಗೆ ಆಪ್ಷನ್ ಹೆಂಗ ಕೊಡಬೇಕು? ಬ್ಯಾಷ್ ಸಾಕೋ, ಪೈಥಾನ್ ಬೇಕೋ?

ಗಂಗಾವತಿ_ಗಿರಣಿ:
ನಮಸ್ಕಾರ್ರಿ ಎಲ್ಲಾರಿಗೂ. ಗಂಗಾವತಿಯ ಒಂದು ಅಕ್ಕಿ ಗಿರಣಿ ಆಫೀಸಿನ್ಯಾಗ ಕಂಪ್ಯೂಟರ್ ಕೆಲಸ ನಂದು. ಲಾರಿ ತೂಗೋ ವೇಬ್ರಿಜ್ ದಿನಕ್ಕೊಂದು ಫೈಲ್ ಬರೀತೈತಿ: ಲಾರಿ ನಂಬರ್, ತುಂಬಿದ ತೂಕ, ಖಾಲಿ ತೂಕ, ಚೀಲದ ಲೆಕ್ಕ. ಅದನ್ನ ಆಫೀಸ್ ಫೋಲ್ಡರಿಗೆ ತರಾಕ ಒಂದು ಬ್ಯಾಷ್ ಸ್ಕ್ರಿಪ್ಟ್ ಬರದಿದ್ದೆ. ಓಡಿಸುವಾಗ ಸಾಲಾಗಿ ಕೊಡೋ ಪದಗಳ ಪೈಕಿ $1 ಎಲ್ಲಿಂದ, $2 ಎಲ್ಲಿಗೆ, $3 ತಾರೀಖು. ನಾಕನೇದು 1 ಅಂತ ಕೊಟ್ರ ಹಳೇ ಫೈಲ್ ಅಳಸ್ತೈತಿ.

ಹೋದ ಸುಗ್ಗಿಯಾಗ ನಾನು ಊರಿಗೆ ಹೋಗಿದ್ದೆ. ಹೊಸದಾಗಿ ಸೇರಿದ ಹುಡುಗ $1, $2 ಅದಲುಬದಲು ಮಾಡಿ ಓಡಿಸ್ಯಾನ. ಮುಂಜಾನೆ ತಂದಿದ್ದ ಅರ್ಧ ಫೈಲ್ ಹೋಗಿ ವೇಬ್ರಿಜ್‌ನ ಪೂರ್ತಿ ಫೈಲಿನ ಮ್ಯಾಲೆ ಕುಂತಿತು. ಮಧ್ಯಾಹ್ನದ 43 ಲಾರಿ ತೂಕ ಹೋತು. ಚೀಟಿ ಪ್ರತಿ ಇದ್ದುದಕ್ಕ ರಾತ್ರಿ ಕುಂತು ಮತ್ತ ಟೈಪ್ ಮಾಡಿದ್ವಿ. ಹುಡುಗನ ತಪ್ಪಲ್ಲ ಅದು, ನಾನು ಬರೆದ ರೀತಿಯೇ ತಪ್ಪು. ಈಗ ಯಾವ ಪದ ಏನು ಅಂತ ಹೇಳೋ ಆಪ್ಷನ್ ಇಟ್ಟು ಹೊಸದಾಗಿ ಬರೀಬೇಕು. ಆಪ್ಷನ್ ಓದಾಕ ಬ್ಯಾಷಿನ ಗೆಟ್‌ಆಪ್ಟ್ಸ್ ಸಾಕೇನ್ರಿ?

ಬಳ್ಳಾರಿ_ಶೆಲ್:
ಸಾಕು ಅಣ್ಣ. ಗೆಟ್‌ಆಪ್ಟ್ಸ್ ಬ್ಯಾಷ್ ಒಳಗೇ ಐತೆ, ಪಾಸಿಕ್ಸ್ ಅನ್ನೋ ಯೂನಿಕ್ಸ್ ಮಾನದಂಡದಲ್ಲೂ ಐತೆ, ಬೇರೆ ಏನೂ ಹಾಕ್ಕಂಬೋದು ಬೇಡ. ಆಪ್ಷನ್ ಅಕ್ಷರ ಆದ್ಮೇಲೆ ಕೋಲನ್ (:) ಇಟ್ರೆ ಆ ಆಪ್ಷನ್ನಿಗೆ ಬೆಲೆ ಬೇಕು ಅಂತ ಅರ್ಥ, ಆ ಬೆಲೆ ಆಪ್ಟ್‌ಆರ್ಗ್ ಅನ್ನೋ ವೇರಿಯಬಲ್‌ನಲ್ಲಿ ಸಿಗ್ತದೆ. ಆ ಅಕ್ಷರಗಳ ಸಾಲಿನ ಮೊಟ್ಟಮೊದಲೇ ಒಂದು ಕೋಲನ್ ಇಡು, ಆಗ ಬ್ಯಾಷ್ ತನ್ನ ಎರರ್ ಹೇಳದೆ ಸುಮ್ಮನಿರ್ತದೆ, ನೀನೇ ಕನ್ನಡದಲ್ಲಿ ಹೇಳಬಹುದು. ನಮ್ಮ ಜೀನ್ಸ್ ಯೂನಿಟ್ಟಿನ ಲೆಕ್ಕದ ಸ್ಕ್ರಿಪ್ಟೆಲ್ಲ ಹಿಂಗೇ ನಡೀತಾವೆ.

ಶಕ್ತಿನಗರ_ಲಿನಕ್ಸ್:
ಈ ಕೆಲಸಕ್ಕ ಸಾಲೋದಿಲ್ರೀ. ಎರಡು ಕಾರಣ ಅದಾವ. ಒಂದು, ಗೆಟ್‌ಆಪ್ಟ್ಸ್ ಆಪ್ಷನ್ ಅಲ್ಲದ ಮೊದಲ ಪದ ಕಂಡ ಕೂಡ್ಲೇ ನಿಲ್ತದ. ಬರೇ ಪರೀಕ್ಷೆ ಮಾಡು, ಏನೂ ಮುಟ್ಟಬ್ಯಾಡ ಅಂತ ನೀವು -ಎನ್ ಇಟ್ಟೀರಿ ಅಂದ್ಕೊಳ್ರಿ. ಹುಡುಗ ತಾರೀಖು ಬರೆದು ಆಮ್ಯಾಲೆ -ಎನ್ ಬರೆದ್ರ ಗೆಟ್‌ಆಪ್ಟ್ಸ್ ಅದನ್ನ ನೋಡೋದೇ ಇಲ್ಲ. ಉಳಿದ ಪದ ಎಷ್ಟು ಅಂತ ನೀವೇ ಎಣಿಸಿ ತಡೀಲಿಲ್ಲ ಅಂದ್ರ ಪರೀಕ್ಷೆ ಅಂದ್ಕೊಂಡದ್ದು ಖರೇನೇ ನಡದುಬಿಡ್ತದ.

ಇನ್ನೊಂದು, ಎಲ್ಲಿಂದ ಅನ್ನೋದಕ್ಕ -ಎಸ್, ಎಲ್ಲಿಗೆ ಅನ್ನೋದಕ್ಕ -ಡಿ ಇಟ್ಟಿದ್ದು, -ಎಸ್‌ಗೆ ಬೆಲೆ ಕೊಡೋದು ಮರೆತು ಮುಂದ -ಡಿ ಬರೆದ್ರ, ಆ -ಡಿ ಅನ್ನೋದನ್ನೇ ಫೋಲ್ಡರ್ ಹೆಸರು ಅಂತ ತಗೊಂತದ. ಆಪ್ಷನ್ ಓದೋ ಪೈಥಾನಿನ ಆರ್ಗ್‌ಪಾರ್ಸ್ ಅಲ್ಲಿ ಬೆಲೆ ಇಲ್ಲ ಅಂತ ನಿಲ್ತದ. 2.7ರಿಂದಲೂ, 3ರಾಗ 3.2ರಿಂದಲೂ ಪೈಥಾನ್ ಜೋಡಿನೇ ಬರ್ತದ, ಪ್ರತ್ಯೇಕ ಹಾಕೋದೇನಿಲ್ಲ.

ಬಳ್ಳಾರಿ_ಶೆಲ್:
-ಎನ್ ವಿಷಯ ಒಪ್ಪಿದೆ, ಅದು ನನ್ನ ತಲೆಗೆ ಬಂದಿರಲಿಲ್ಲ. ಆದ್ರೂ ಹತ್ತು ಸಾಲಿನ ಕಾಪಿ ಕೆಲಸಕ್ಕೆ ಪೈಥಾನ್ ಯಾಕೆ? ಉದ್ದ ಹೆಸರು ಬೇಕಂದ್ರೆ ಬ್ಯಾಷ್‌ನಲ್ಲೇ ವೈಲ್ ಮತ್ತು ಕೇಸ್ ಹಾಕಿ, ಒಂದೊಂದೇ ಶಿಫ್ಟ್ ಮಾಡ್ಕೊಂತ ಹೋದ್ರಾತು.

ಶಕ್ತಿನಗರ_ಲಿನಕ್ಸ್:
ಆತು, ಆದ್ರ ಬೆಲೆ ಬಂತೋ ಇಲ್ಲೋ, ಗೊತ್ತಿಲ್ಲದ ಆಪ್ಷನ್ ಬಂದ್ರ ಏನು, ಕಡ್ಡಾಯದ್ದು ಬಿಟ್ಟುಹೋಯ್ತೇನು, ಎಲ್ಲಾ ನೀವೇ ಬರೀಬೇಕು. ನಲವತ್ತು ಸಾಲು ಅದೇ ಆಗ್ತದ. ಒಂದು ಬಿಟ್ಟುಹೋದ್ರೂ ಮುಂದಿನ ಸುಗ್ಗಿಗೇ ಗೊತ್ತಾಗೋದು.

ಸಂಡೂರು_ಗುಡ್ಡ:
ನನ್ನ ಕೇಳಿದ್ರೆ ಆಪ್ಷನ್ನೇ ಬೇಡ. ಓಡಿಸಿದ ಕೂಡ್ಲೇ "ಯಾವ ತಾರೀಖು?" ಅಂತ ಅದೇ ಕೇಳಲಿ. ಟೈಪ್ ಬರದವರೂ ಮಾಡ್ತಾರೆ.

ಗಂಗಾವತಿ_ಗಿರಣಿ:
ಅದನ್ನೂ ಯೋಚನೆ ಮಾಡಿದ್ದೆ ಸರ್. ಆದ್ರ ರಾತ್ರಿ ಹನ್ನೊಂದಕ್ಕ, ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸೋ ಕ್ರಾನ್ ಒಳಗೂ ಇದೇ ಓಡಬೇಕು. ಅಲ್ಲಿ ಉತ್ತರ ಕೊಡವರು ಯಾರದಾರ?

ಮಾನ್ವಿ_ಅಕ್ಕ:
ನಾನು ಹುಡುಗರಿಗೆ ಕಂಪ್ಯೂಟರ್ ಹೇಳಿಕೊಡಾಕಿ. ನೀವು ಮೂವರೂ ಯಾವ ಸಾಮಾನು ಅಂತ ವಾದ ಮಾಡ್ತೀರಿ, ಹೆಸರಿನ ಬಗ್ಗೆ ಯಾರೂ ಮಾತಾಡಲಿಲ್ಲ. "ಸೋರ್ಸ್", "ಡೆಸ್ಟಿನೇಷನ್" ಅಂದ್ರ ಹೊಸ ಹುಡುಗ ಒಂದು ಕ್ಷಣ ನಿಂತು ಯೋಚನೆ ಮಾಡಬೇಕು, ಆ ಕ್ಷಣದಾಗೇ ತಪ್ಪತಾನ. ಗಿರಣಿಯವರೇ, ನಿಮ್ಮ ಮೊದಲ ಪೋಸ್ಟಿನ್ಯಾಗ ನೀವೇ ಬರದೀರಿ: ಎಲ್ಲಿಂದ, ಎಲ್ಲಿಗೆ. ಅವನ್ನೇ ಇಡ್ರಿ, --ಎಲ್ಲಿಂದ, --ಎಲ್ಲಿಗೆ. ಕೀಬೋರ್ಡಿನ್ಯಾಗ ಇಂಗ್ಲಿಷ್ ಅಕ್ಷರದಾಗ ಹೊಡೆದ್ರೂ ಪದ ನಮ್ದೇ. "ಇಂದ", "ಗೆ" ಎರಡನ್ನ ಅದಲುಬದಲು ಮಾಡೋ ಕನ್ನಡದ ಹುಡುಗನ್ನ ನಾನಿನ್ನೂ ನೋಡಿಲ್ಲ. ಹೆಸರು ಇದ್ದರ ಯಾವುದು ಮೊದಲು, ಯಾವುದು ಆಮ್ಯಾಲೆ ಅನ್ನೋ ಚಿಂತಿನೇ ಇರಲ್ಲ.

ಶಕ್ತಿನಗರ_ಲಿನಕ್ಸ್:
ಅಕ್ಕಾರು ಹೇಳಿದ್ದು ಬಾಳ ಚಲೋ ಅದ. ಎರಡಕ್ಕೂ ರಿಕ್ವೈರ್ಡ್ (ಕಡ್ಡಾಯ) ಅಂತ ಹಾಕಿ, ಹೆಲ್ಪ್ ಸಾಲು ಕನ್ನಡದಾಗೇ ಬರೀರಿ. ಅಳಿಸೋದಕ್ಕ ನಾಕನೇ ಜಾಗದ 1 ಬ್ಯಾಡ, --ಅಳಿಸು ಅಂತ ಪೂರ್ತಿ ಪದ ಇರಲಿ, ಆಕ್ಷನ್ ಸ್ಟೋರ್-ಟ್ರೂ ಹಾಕ್ರಿ, ಪದ ಬರೆದ್ರ ಹೌದು, ಬಿಟ್ರ ಇಲ್ಲ. ಟೈಪ್ ಬೂಲ್ (ಹೌದು-ಇಲ್ಲ) ಅಂತ ಮಾತ್ರ ಹಾಕಬ್ಯಾಡ್ರಿ. ಪೈಥಾನಿನ್ಯಾಗ ಖಾಲಿ ಅಲ್ಲದ ಯಾವ ಪದಾನೂ ಟ್ರೂ, "ಫಾಲ್ಸ್" ಅಂತ ಬರೆದ ಪದಾನೂ. ಬ್ಯಾಡ ಅಂತ ಬರೆದ್ರೂ ಅಳಿಸಿಬಿಡ್ತದ.

ಇನ್ನೊಂದು, ಆರ್ಗ್‌ಪಾರ್ಸ್ ಉದ್ದ ಹೆಸರಿನ ಮೊದಲ ತುಂಡನ್ನೂ ಒಪ್ಕೊಂತದ. --ಅಳಿ ಅಂದ್ರೂ --ಅಳಿಸು ಅಂತ ತಿಳ್ಕೊಂತದ. ಅಳಿಸೋ ಕೆಲಸದಾಗ ಇಂಥ ಊಹೆ ಬ್ಯಾಡ. 3.5ರಿಂದ ಅಲೋ-ಅಬ್ರೆವ್ ಅನ್ನೋದು ಅದ, ಅದನ್ನ ಫಾಲ್ಸ್ ಮಾಡ್ರಿ.

ಸಂಡೂರು_ಗುಡ್ಡ:
ಎರಡೂ ಫೋಲ್ಡರ್ ಒಂದೇ ಕೊಟ್ರೆ?

ಶಕ್ತಿನಗರ_ಲಿನಕ್ಸ್:
ನೀವೇ ನೋಡಿ ಪಾರ್ಸರ್‌ನ ಎರರ್ ಕರೀಬೇಕು. ಅದು ಬಳಕೆಯ ಸಾಲು ತೋರಿಸಿ, 2 ಅನ್ನೋ ಕೋಡ್ ಕೊಟ್ಟು ಹೊರಗ ಬರ್ತದ. ಕ್ರಾನ್ ಸಾಲಿನ್ಯಾಗ ಆ ಕೋಡ್ ನೋಡಿ ಮೆಸೇಜ್ ಕಳಿಸೋ ವ್ಯವಸ್ಥಾ ಮಾಡಬಹುದು.

ಬಳ್ಳಾರಿ_ಶೆಲ್:
ಆತು, ಇದಕ್ಕೆ ಪೈಥಾನೇ ಸರಿ. ನನ್ನ ಯೂನಿಟ್ಟಿನ ಒಂದು ಸ್ಕ್ರಿಪ್ಟ್‌ನಲ್ಲೂ -ಎನ್ ಕೊನೆಗೆ ಬರೆಯೋ ಅಭ್ಯಾಸ ಐತೆ, ಇವತ್ತೇ ತೆಗೆದು ನೋಡ್ತೀನಿ. ಒಂದು ಮಾತು: ಕ್ರಾನ್ ಸಾಲು ಇನ್ನೂ ಬ್ಯಾಷ್ ಕಡೆಯಿಂದಲೇ ಪೈಥಾನಿಗೆ ಹೋಗ್ತದಲ್ಲ, ಅಲ್ಲಿ ಕೊಟ್ಟ ಪದಗಳನ್ನೆಲ್ಲ ದಾಟಿಸೋಕೆ $* ಹಾಕ್ಬೇಡ, $@ ಅನ್ನು ಜೋಡಿ ಕೋಟ್ ಒಳಗೆ ಹಾಕು. ಫೋಲ್ಡರ್ ಹೆಸರಲ್ಲಿ ಜಾಗ ಬಿಟ್ಟಿದ್ರೆ ಎರಡು ತುಂಡಾಗ್ತದೆ.

ಗಂಗಾವತಿ_ಗಿರಣಿ:
ನಮ್ಮ ಫೋಲ್ಡರ್ ಹೆಸರು "ಮುಂಗಾರು ಭತ್ತ" ಅಂತೇ ಐತಿ, ನಡುವ ಜಾಗ ಐತಿ! ಪುಣ್ಯಕ್ಕ ಹೇಳಿದ್ರಿ. ಇವತ್ತು ಸಂಜೆ ಬರದು, ಮೊದಲು ಆ ಹುಡುಗನ ಕೈಯಾಗೇ ಕೊಡ್ತೀನಿ. ನಾನು ಬಾಯಿಬಿಡದೆ ಹೆಲ್ಪ್ ಓದಿ ಅವನೇ ಓಡಿಸಬೇಕು. ಎಲ್ಲಿ ನಿಂತ ಅಂತ ಇಲ್ಲೇ ಬಂದು ಬರೀತೀನಿ.

ಮಾನ್ವಿ_ಅಕ್ಕ:
ಹಂಗ ಮಾಡ್ರಿ. ಹೆಲ್ಪಿನ ಕೊನೆಗೆ ಪೂರ್ತಿ ಒಂದು ಉದಾಹರಣೆ ಸಾಲು ಮರೀಬ್ಯಾಡ್ರಿ. ಹುಡುಗರು ವಿವರಣೆ ಓದಲ್ಲ, ಆ ಸಾಲನ್ನೇ ನೋಡಿ ಬರೀತಾರ.